ಕಿಟ್ಟೆಲ್ ನಿಘಂಟಿನ 1894ರ ಪ್ರತಿ ಹರಾಜಿಗೆ ಬಂದಿದೆ, ಸವಾಲು ಹಾಕಲೇ?

ಅಂಬಲಪಾಡಿಯ ಅನುವಾದಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಳೆಯ ಪುಸ್ತಕಗಳ ವ್ಯವಹಾರ ಬಲ್ಲವರು ಇಲ್ಲಿದ್ದೀರಿ ಎಂಬ ಭರವಸೆಯಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು 31 ವರ್ಷ ನ್ಯಾಯಾಲಯದಲ್ಲಿ ಅನುವಾದಕಿಯಾಗಿದ್ದು ಕಳೆದ ವರ್ಷ ನಿವೃತ್ತಳಾದೆ. ನಮ್ಮ ಮೇಜಿಗೆ ಬರುತ್ತಿದ್ದದ್ದು ಹೆಚ್ಚಾಗಿ ಹಳೆಯ ಕಾಗದಪತ್ರಗಳು: ಮೂಲಗೇಣಿ (ಕಾಯಂ ಗೇಣಿ) ಚೀಟು, ಚಾಲಗೇಣಿ (ಕಾಯಂ ಅಲ್ಲದ ಗೇಣಿ) ಚೀಟು, ಪಾಲುಪಟ್ಟಿ, ಅಡವುಪತ್ರ. ಅವುಗಳಲ್ಲಿ ಒಂದು ಪದ ಆಚೀಚೆ ಆದರೂ ಯಾರದೋ ಮನೆಯ ಅನ್ನ ಆಚೀಚೆ ಆಗುತ್ತದೆ. ಗದ್ದೆ ತಗ್ಗಿನ ಬೈಲೇ, ನಡುವಿನ ಮಜಲೇ, ಎತ್ತರದ ಬೆಟ್ಟೇ, ಬರೆದದ್ದು ಯಾವುದು ಎಂಬುದರ ಮೇಲೆ ಗೇಣಿ ಎಷ್ಟು ಮುಡಿ ಅಕ್ಕಿ ಎಂಬುದು ನಿಂತಿರುತ್ತಿತ್ತು. ಅಂಥ ಹೊತ್ತಿನಲ್ಲಿ ನಾನು ಕೈ ಚಾಚುತ್ತಿದ್ದದ್ದು ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನ ಕಡೆಗೆ. ಕಚೇರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ನಾಲ್ಕು ಸಂಪುಟಗಳ ಪರಿಷ್ಕೃತ ಆವೃತ್ತಿ ಇತ್ತು. ಮನೆಯಲ್ಲಿ ದೆಹಲಿಯಲ್ಲಿ ಮರುಮುದ್ರಣವಾದ ಪ್ರತಿ ಇದೆ. ಅದರ ಬೆನ್ನು ಮುರಿದು ಮೂರು ತುಂಡಾಗಿ ಹತ್ತು ವರ್ಷವಾಯಿತು. ಕಡತ ಕಟ್ಟುವ ಕೆಂಪು ಲಾಡಿಯಿಂದ ಕಟ್ಟಿಟ್ಟು ಬಳಸುತ್ತಿದ್ದೇನೆ.

ಈಗ ಮುಂಬಯಿಯ ಒಂದು ಹರಾಜು ಸಂಸ್ಥೆಯ ಪಟ್ಟಿಯಲ್ಲಿ ಮೊದಲ ಮುದ್ರಣವೇ ಬಂದಿದೆ. ಪಟ್ಟಿಯಲ್ಲಿ ಬರೆದಿರುವುದು ಇಷ್ಟೇ: ಮಂಗಳೂರು, ಬಾಸೆಲ್ ಮಿಶನ್, 1894, ಮರುಬೈಂಡ್ ಆಗಿದೆ, ಹಿಂದಿನ ಓದುಗರ ಗುರುತುಗಳಿವೆ, ಇದ್ದ ಸ್ಥಿತಿಯಲ್ಲೇ ಮಾರಾಟ. ಅಂದಾಜು ಬೆಲೆ 40,000ದಿಂದ 60,000 ರೂಪಾಯಿ. ಮೂರು ಫೋಟೋ ಹಾಕಿದ್ದಾರೆ: ಹೊರಗಿನ ರಟ್ಟು, ಶೀರ್ಷಿಕೆ ಪುಟ, ನಡುವಿನ ಯಾವುದೋ ಒಂದು ಪುಟ. ಹರಾಜಿಗೆ ಇನ್ನು 12 ದಿನ ಇದೆ.

ನಿವೃತ್ತಿಯಲ್ಲಿ ಬಂದ ಹಣದಲ್ಲಿ 60,000 ರೂಪಾಯಿಯನ್ನು ನನಗಾಗಿ ಎಂದು ಬೇರೆ ಇಟ್ಟಿದ್ದೇನೆ. ಚಿನ್ನ ಬೇಡ, ಪ್ರವಾಸವೂ ಬೇಡ, ಈ ಪುಸ್ತಕ ಬೇಕು. ಊರಿನ ದೇವಸ್ಥಾನದಲ್ಲಿ ಜಾತ್ರೆ ಮುಗಿದ ಮೇಲೆ ಹಲಸು, ಕುಂಬಳಕಾಯಿ, ಬಾಳೆಗೊನೆ ಏಲಂ ಆಗುವುದನ್ನು ನೋಡಿ ಬೆಳೆದವಳು ನಾನು. ಆದರೆ ಅಲ್ಲಿ ವಸ್ತು ಕಣ್ಣೆದುರು ಇರುತ್ತದೆ, ಕೂಗುವವರು ಯಾರೆಂದೂ ಗೊತ್ತಿರುತ್ತದೆ. ಇಲ್ಲಿ ಎರಡೂ ಇಲ್ಲ.

ಇದು ನಿಜವಾಗಿಯೂ 1894ರ ಪ್ರತಿ ಎಂದು ದೂರದಿಂದ ತಿಳಿಯುವುದು ಹೇಗೆ? ಮರುಬೈಂಡ್ ಆಗಿದ್ದರೆ ಕೈಬಿಡಬೇಕೇ? ಎಷ್ಟರವರೆಗೆ ಹೋಗಬಹುದು? ಇನ್ನೊಂದು ವಿಷಯ. ಮಸ್ಕತ್‌ನಲ್ಲಿರುವ ನನ್ನ ತಮ್ಮ ಅರ್ಧ ಹಣ ಕೊಡಲು ಒಪ್ಪಿದ್ದಾನೆ. ಆದರೆ ಪುಸ್ತಕ ಕೆಲವು ವರ್ಷ ಅವನ ಮನೆಯಲ್ಲಿ ಇರಲಿ ಎನ್ನುತ್ತಾನೆ. ಅದು ಸರಿಯೇ?

ಬಲ್ಮಠದ ಬೈಂಡರ್ ಉತ್ತರ:

ಅಕ್ಕ, ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಇರಲಾಗಲಿಲ್ಲ. ನಾನು ಬಲ್ಮಠ ಗುಡ್ಡದ ಕೆಳಗೆ ಹುಟ್ಟಿ ಬೆಳೆದವನು. 44 ವರ್ಷ ಪುಸ್ತಕ ಹೊಲಿದೆ. ಕಿಟ್ಟೆಲರ ಮೊದಲ ಮುದ್ರಣ ನನ್ನ ಕೈಗೆ ಎರಡು ಬಾರಿ ಬಂದಿದೆ, ಎರಡೂ ಬೆನ್ನು ಬಿಟ್ಟು ಬಂದವು. 1752 ಪುಟಗಳ ಭಾರವನ್ನು ಒಂದೇ ಬೆನ್ನು ಹೊರಬೇಕು, ಅದಕ್ಕಾದರೂ ಎಷ್ಟು ಶಕ್ತಿ ಇರುತ್ತದೆ?

ಮೊದಲನೆಯ ಮಾತು: ಶೀರ್ಷಿಕೆ ಪುಟದಲ್ಲಿ 1894 ಎಂದು ಇದ್ದ ಮಾತ್ರಕ್ಕೆ ಅದು 1894ರ ಪ್ರತಿ ಆಗುವುದಿಲ್ಲ. ನಿಮ್ಮ ಮನೆಯಲ್ಲಿರುವ ದೆಹಲಿ ಪ್ರತಿಯನ್ನೇ ತೆಗೆದು ನೋಡಿ. ಅದು ಹಳೆಯ ಪುಟಗಳ ಪಡಿಯಚ್ಚು. ಅಂಥ ಪ್ರತಿಗೆ ಹಳೆಯ ಬಟ್ಟೆಯ ರಟ್ಟು ಹಾಕಿ, ಮರುಮುದ್ರಕರ ಹೆಸರಿರುವ ಹಾಳೆ ಕಿತ್ತು ಬಿಟ್ಟರೆ ಫೋಟೋದಲ್ಲಿ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ.

ವ್ಯತ್ಯಾಸ ಇರುವುದು ಹಾಳೆಯ ಹಿಂಬದಿಯಲ್ಲಿ. 1894ರ ಪುಸ್ತಕ ಮೊಳೆಯಚ್ಚಿನದು. ಸೀಸದ ಮೊಳೆ ಕಾಗದವನ್ನು ಒತ್ತಿ ಹಿಡಿದು ಅಕ್ಷರ ಮೂಡಿಸುತ್ತದೆ. ಹಾಗಾಗಿ ಹಾಳೆಯ ಒಂದು ಬದಿಯಲ್ಲಿ ಅಕ್ಷರ ಕಚ್ಚಿದರೆ ಇನ್ನೊಂದು ಬದಿಯಲ್ಲಿ ಅದರ ಉಬ್ಬು ಇರುತ್ತದೆ. ಕಣ್ಣು ಮುಚ್ಚಿ ಬೆರಳಿನ ತುದಿಯನ್ನು ಹಗುರವಾಗಿ ಆಡಿಸಿದರೆ ಅಕ್ಕಿರೊಟ್ಟಿಯ ಮೇಲೆ ಕೈ ಆಡಿಸಿದಂತೆ ಸಣ್ಣಗೆ ತರಿತರಿ ತಾಗುತ್ತದೆ. ನೂರಮೂವತ್ತು ವರ್ಷ ಭಾರದಡಿ ಇದ್ದ ಹಾಳೆಯಲ್ಲಿ ಅದು ಸವೆದಿರಬಹುದು. ಆಗ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಹಾಳೆಗೆ ಸಮನಾಗಿ ಪಕ್ಕದಿಂದ ಹಿಡಿಯಬೇಕು. ಉಬ್ಬಿನ ನೆರಳು ಬೀಳುತ್ತದೆ. ಭೂತಗನ್ನಡಿ ಇದ್ದರೆ ಅಕ್ಷರದ ಅಂಚು ನೋಡಿ: ಮೊಳೆಯಚ್ಚಿನಲ್ಲಿ ಶಾಯಿ ಅಂಚಿಗೆ ಒತ್ತಿಕೊಂಡು ಗಾಢವಾದ ಗೆರೆ ಕಟ್ಟಿರುತ್ತದೆ. ಈಚಿನ ಆಫ್‌ಸೆಟ್ ಮುದ್ರಣದಲ್ಲಿ ಅಕ್ಷರ ಪೂರ್ತಿ ಒಂದೇ ಸಮ, ಹಾಳೆಯೂ ನುಣುಪು. ಒಂದು ಎಚ್ಚರಿಕೆ. ಈ ಪರೀಕ್ಷೆಯನ್ನು ಕಲ್ಲಚ್ಚಿನ, ಅಂದರೆ ನುಣುಪು ಕಲ್ಲಿನಿಂದ ಅಚ್ಚು ಹಾಕಿದ, ಪುಸ್ತಕಗಳಿಗೆ ಮಾಡಬೇಡಿ. 1843ರಲ್ಲಿ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನದು, ಅದರಲ್ಲಿ ಉಬ್ಬು ಇರುವುದೇ ಇಲ್ಲ.

ಇನ್ನೊಂದು ಗೊಂದಲವನ್ನೂ ಈಗಲೇ ಬಿಡಿಸಿಬಿಡುತ್ತೇನೆ. ಕಿಟ್ಟೆಲರ ಕೆಲಸವನ್ನೇ ಆಧರಿಸಿ ಬೂಖರ್ ಎಂಬವರು ಸಂಗ್ರಹಿಸಿದ ಶಾಲಾ ನಿಘಂಟು 1899ರಲ್ಲಿ ಇದೇ ಬಾಸೆಲ್ ಮಿಶನ್‌ನಿಂದ ಬಂತು. ಅದರಲ್ಲೂ ಕಿಟ್ಟೆಲರ ಹೆಸರಿದೆ. ಕೆಲವರು ಅದನ್ನು ತೋರಿಸಿ ಇದರ ಬೆಲೆ ಹೇಳುತ್ತಾರೆ. ದಪ್ಪ ನೋಡಿದರೆ ಗೊತ್ತಾಗುತ್ತದೆ. ಮದರಾಸಿನ ನಾಲ್ಕು ಸಂಪುಟ ಬಂದದ್ದು 1968ರಿಂದ 71ರ ನಡುವೆ, ಮರಿಯಪ್ಪ ಭಟ್ಟರ ಪರಿಷ್ಕರಣ. ಅದು ನಿಮಗೆ ಗೊತ್ತೇ ಇದೆ.

ಎರಡನೆಯದು ಪುಟಗಳ ಲೆಕ್ಕ. ಕೊನೆಯ ಪುಟದ ಸಂಖ್ಯೆ 1752 ಇದ್ದರೆ ಸಾಲದು. ಹಳೆಯ ನಿಘಂಟುಗಳಲ್ಲಿ ಮೊದಲು ಸಾಯುವುದು ಮೊದಲ ಹಾಳೆಗಳು. ಕಿಟ್ಟೆಲರ ಮುನ್ನುಡಿ ರೋಮನ್ ಅಂಕಿಯ ಪುಟಗಳಲ್ಲಿದೆ. ಸಂಸ್ಕೃತಕ್ಕೆ ಹೋಗಿ ಸೇರಿದ ದ್ರಾವಿಡ ಪದಗಳ ಪಟ್ಟಿ ಇರುವುದು ಅಲ್ಲೇ, ಆಕರ ಗ್ರಂಥಗಳ ಸಂಕ್ಷೇಪಗಳು ಇರುವುದೂ ಅಲ್ಲೇ. ಆ ಸಂಕ್ಷೇಪಗಳಿಲ್ಲದೆ ಒಳಗಿನ ಉಲ್ಲೇಖಗಳು ಯಾವ ಕಾವ್ಯದವು ಎಂದು ತಿಳಿಯುವುದಿಲ್ಲ. ಪೂರ್ಣ ಪ್ರತಿ ಹೇಗಿರಬೇಕು ಎಂದು ನೋಡಲು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಇದೆ. ಮಂಗಳೂರಿಗೆ ಬರುವುದಾದರೆ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ವಿಚಾರಿಸಿ. ಮಿಶನ್ ಮುದ್ರಣಾಲಯದ ಪುಸ್ತಕಗಳನ್ನು ಅಲ್ಲಿ ಕಾಪಾಡಿಟ್ಟಿದ್ದಾರೆ. ಮೊದಲೇ ಫೋನು ಮಾಡಿ ಅನುಮತಿ ಕೇಳಿಕೊಂಡು ಹೋಗಿ.

ಮರುಬೈಂಡ್ ಬಗ್ಗೆ ಕೇಳಿದಿರಿ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳಬೇಕು.

1980ರ ದಶಕದಲ್ಲಿ ನಮಗೆ ಗ್ರಂಥಾಲಯಗಳ ಕೆಲಸ ಗೋಣಿಗಟ್ಟಲೆ ಬರುತ್ತಿತ್ತು. ತೆಳ್ಳಗಿನ ಬಣ್ಣದ ಕಾಗದದ ರಕ್ಷಾಪುಟ, ಅದರ ಮೇಲೆ ಬ್ಲಾಕಿನಲ್ಲಿ ಮುದ್ರಿಸಿದ ಸಣ್ಣದೊಂದು ಚಿತ್ರ, ಒಳಗೆ ‘ಮೊದಲನೆಯ ಮುದ್ರಣ, 1000 ಪ್ರತಿಗಳು’ ಎಂಬ ಸಾಲು, ಬೆಲೆ ರೂಪಾಯಿ-ಆಣೆಯಲ್ಲಿ. ನಮಗಿದ್ದ ಆದೇಶ ಒಂದೇ: ರಟ್ಟು ಗಟ್ಟಿಯಾಗಿರಲಿ. ನಾವು ರಕ್ಷಾಪುಟ ಹರಿದು ತೆಗೆಯುತ್ತಿದ್ದೆವು. ಮೂರು ಬದಿಯನ್ನೂ ಕಟಿಂಗ್ ಮೆಷಿನ್‌ಗೆ ಕೊಟ್ಟು ಸವರುತ್ತಿದ್ದೆವು. ಬದಿಯಿಂದ ತೂತು ಹೊಡೆದು ದಪ್ಪ ನೂಲಿನಲ್ಲಿ ಹೊಲಿದು, ಮೈದಾ ಅಂಟಿಗೆ ಮೈಲುತುತ್ತು ಬೆರೆಸಿ ಹಚ್ಚಿ, ಕಪ್ಪು ಕ್ಯಾಲಿಕೋ ಬಟ್ಟೆ ಸುತ್ತಿ ಕೊಡುತ್ತಿದ್ದೆವು. ಸಂಜೆ ಅಂಗಡಿಯ ಹಿಂದೆ ಕಸ ಸುಡುವಾಗ ಹಸಿರು, ಗುಲಾಬಿ, ಹಳದಿ ರಕ್ಷಾಪುಟಗಳು ಉರಿಯುತ್ತಿದ್ದವು. ಎಷ್ಟು ಎಂದು ಎಣಿಸಿದವರಿಲ್ಲ. ಸಾವಿರ ದಾಟಿರುತ್ತದೆ.

ಒಂದು ದಿನ ಹಿರಿಯ ಪ್ರಾಧ್ಯಾಪಕರೊಬ್ಬರು ತಮ್ಮ ಪುಸ್ತಕ ಕೊಡಲು ಬಂದವರು ಆ ಬೆಂಕಿಯ ಹತ್ತಿರ ನಿಂತರು. ಒಂದು ರಕ್ಷಾಪುಟವನ್ನು ಎತ್ತಿ, ಅಂಚಿನ ಕಿಡಿಯನ್ನು ಬೆರಳಿನಿಂದಲೇ ಆರಿಸಿ, ಮಡಚಿ ಕಿಸೆಗೆ ಹಾಕಿಕೊಂಡು ಹೋದರು. ನನಗೆ ಒಂದು ಮಾತೂ ಹೇಳಲಿಲ್ಲ. ಮರುದಿನದಿಂದ ನಾನು ರಕ್ಷಾಪುಟಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಡಲು ಶುರು ಮಾಡಿದೆ. ಮಾಲೀಕರು ಬೇಡ ಎಂದವು ಮಾತ್ರ. ಪುಸ್ತಕವಿಲ್ಲದ ರಕ್ಷಾಪುಟಗಳು ಈಗಲೂ ನನ್ನ ಬಳಿ 37 ಇವೆ. ಅವುಗಳ ಪುಸ್ತಕಗಳು ಎಲ್ಲೋ ಕಪ್ಪು ಕ್ಯಾಲಿಕೋದಲ್ಲಿ ಇವೆ. ಕನ್ನಡದ ಮೊದಲ ಮುದ್ರಣಗಳು ಮೂಲ ರೂಪದಲ್ಲಿ ಇಷ್ಟು ವಿರಳವಾಗಿರುವುದಕ್ಕೆ ಒರಲೆ, ಮಳೆ ಮಾತ್ರ ಕಾರಣವಲ್ಲ. ನಮ್ಮಂಥವರ ಕೈಯೂ ಕಾರಣ. ಈ ಮಾತನ್ನು ನಾನು ಎಲ್ಲಿಯೂ ಮುಚ್ಚಿಡುವುದಿಲ್ಲ.

ಆದ್ದರಿಂದ ಕೇಳಬೇಕಾದದ್ದು ‘ಮರುಬೈಂಡ್ ಆಗಿದೆಯೇ’ ಎಂದಲ್ಲ, ‘ಹೇಗೆ ಆಗಿದೆ’ ಎಂದು. ಅಂಚು ಸವರಿದ್ದಾರೆಯೇ? ಪುಟದ ಮೇಲಿನ ಪದಸೂಚಿ ಸಾಲಿಗೂ ಹಾಳೆಯ ಅಂಚಿಗೂ ನಡುವೆ ಎಷ್ಟು ಜಾಗ ಉಳಿದಿದೆ? ಮಧ್ಯದಲ್ಲಿ ತೆರೆದರೆ ಪುಸ್ತಕ ಸಪಾಟಾಗಿ ಮಲಗುತ್ತದೆಯೇ? ಮಲಗದಿದ್ದರೆ ಬದಿಯ ಹೊಲಿಗೆ ಹಾಕಿದ್ದಾರೆ ಎಂದು ಅರ್ಥ. ಒಳ ಅಂಚಿನ ಅಕ್ಷರಗಳು ಹೊಲಿಗೆಯೊಳಗೆ ಹೋಗಿರುತ್ತವೆ. ಹರಿದ ಪುಟಗಳಿಗೆ ಪಾರದರ್ಶಕ ಟೇಪು ಹಚ್ಚಿದ್ದರೆ ಅದು ಹಳದಿ ಕಲೆಯಾಗಿ ಕಾಗದದೊಳಗೆ ಇಳಿದಿರುತ್ತದೆ, ತೆಗೆಯಲು ಬರುವುದಿಲ್ಲ. ಲ್ಯಾಮಿನೇಟ್ ಮಾಡಿದ ಹಾಳೆ ಇದ್ದರಂತೂ ಅತ್ತ ತಿರುಗಿಯೂ ನೋಡಬೇಡಿ.

ಕೊನೆಯದಾಗಿ ಮುದ್ರೆ. ಗ್ರಂಥಾಲಯಗಳು ಶೀರ್ಷಿಕೆ ಪುಟದಲ್ಲಿ ಮಾತ್ರವಲ್ಲ, ಒಳಗೆ ತಾವೇ ಗೊತ್ತು ಮಾಡಿಕೊಂಡ ಒಂದು ಪುಟದಲ್ಲಿಯೂ ಮುದ್ರೆ ಒತ್ತುತ್ತವೆ. ಕೆಲವರದು 25, ಕೆಲವರದು 51, ಹೀಗೆ. ಶೀರ್ಷಿಕೆ ಪುಟ ಕಿತ್ತವರಿಗೂ ಆ ಪುಟ ಗೊತ್ತಿರುವುದಿಲ್ಲ. ಮೊದಲ ನೂರು ಪುಟಗಳನ್ನು ಒಂದೊಂದಾಗಿ ತಿರುವಿಸಿ. ಮುದ್ರೆ ಇದ್ದು, ‘ವಿಲೇವಾರಿ’ ಅಥವಾ ‘ರದ್ದು’ ಎಂಬ ಗುರುತು ಇಲ್ಲದಿದ್ದರೆ, ಆ ಪುಸ್ತಕ ಅಲ್ಲಿಂದ ಹೇಗೆ ಹೊರಬಂತು ಎಂದು ಬರವಣಿಗೆಯಲ್ಲಿ ಕೇಳಿ.

ಇವೆಲ್ಲ ಫೋಟೋದಿಂದ ಆಗುವ ಕೆಲಸವಲ್ಲ. ಮುಂಬಯಿಯಲ್ಲಿ ನಮ್ಮ ಕಡೆಯ ಮನೆಯಿಂದ ಒಬ್ಬರಾದರೂ ಇರುತ್ತಾರಲ್ಲ, ಅವರನ್ನು ಕಳುಹಿಸಿ. ಹರಾಜಿಗೆ ಮುಂಚೆ ವಸ್ತು ನೋಡಲು ದಿನ ಇಟ್ಟಿರುತ್ತಾರೆ.

ಕಾಪುವಿನ ಲೆಕ್ಕಿಗ ಉತ್ತರ:

ಬೈಂಡರ್ ಅಣ್ಣ ಹೇಳಿದ ಮೇಲೆ ಪುಸ್ತಕದ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಹಣದ ವಿಷಯ ಮಾತ್ರ ಹೇಳುತ್ತೇನೆ.

ಸುತ್ತಿಗೆ ಬಿದ್ದ ಬೆಲೆ ನೀವು ಕೊಡುವ ಬೆಲೆಯಲ್ಲ. ಅದರ ಮೇಲೆ ಖರೀದಿದಾರರ ಪ್ರೀಮಿಯಂ, ಅಂದರೆ ಹರಾಜು ಸಂಸ್ಥೆ ಕೊಳ್ಳುವವರಿಂದ ಪಡೆಯುವ ಶುಲ್ಕ ಇದೆ, ಪ್ರೀಮಿಯಂ ಮೇಲೆ ಜಿಎಸ್‌ಟಿ ಇದೆ, ಆಮೇಲೆ ಸಾಗಣೆ, ವಿಮೆ. ಪ್ರತಿ ಸಂಸ್ಥೆಯ ದರ ಬೇರೆ, ನಿಯಮಗಳ ಪುಟದಲ್ಲಿ ಇರುತ್ತದೆ. ಪ್ರೀಮಿಯಂ ಶೇಕಡಾ 20, ಅದರ ಮೇಲೆ ತೆರಿಗೆ ಶೇಕಡಾ 18 ಎಂದು ಇಟ್ಟುಕೊಳ್ಳಿ. ನೀವು 46,000ಕ್ಕೆ ಗೆದ್ದರೆ ಪ್ರೀಮಿಯಂ 9,200, ತೆರಿಗೆ 1,656, ಒಟ್ಟು 56,856. ಸಾಗಣೆಗೆ 2,000 ಸೇರಿಸಿದರೆ 58,856. ಮುಂದಿನ ಮೆಟ್ಟಿಲು 48,000 ಆಗಿದ್ದರೆ ನಿಮ್ಮ ಕೈಯಿಂದ ಹೋಗುವುದು 61,328. ಅಂದರೆ ನಿಮ್ಮ ಗಡಿ 46,000. ಅದನ್ನು ಕಾಗದದಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿ. ಸಾಧ್ಯವಾದರೆ ಗರಿಷ್ಠ ಮೊತ್ತವನ್ನು ಮುಂಚಿತವಾಗಿ ಬರೆದುಕೊಟ್ಟು ಹರಾಜಿನ ಹೊತ್ತಿಗೆ ಪರದೆಯ ಮುಂದೆ ಕೂರಲೇಬೇಡಿ. ಎದುರು ಒಬ್ಬ ಹಟವಾದಿ ಇದ್ದರೆ ಸಾಕು, ಬೆಲೆ ಎಲ್ಲಿಗೆ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ. ದೇವಸ್ಥಾನದ ಬಾಳೆಗೊನೆಗೂ ಅಷ್ಟೇ, ಇದಕ್ಕೂ ಅಷ್ಟೇ.

ಮಸ್ಕತ್ ವಿಷಯ ಬಿಟ್ಟುಬಿಡಿ. 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಸಾಹಿತ್ಯಕ, ಚಾರಿತ್ರಿಕ ಮೌಲ್ಯದ ಹಸ್ತಪ್ರತಿಗೆ 75 ವರ್ಷವೇ ಸಾಕು. ದೇಶದೊಳಗೆ ಕೊಂಡು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ತಮ್ಮನವರಿಗೆ ಬಿಡಿಸಿ ಹೇಳಿ. ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಪುಸ್ತಕವೂ ಹೋಗುತ್ತದೆ, ಮನಸ್ಸಿನ ನೆಮ್ಮದಿಯೂ ಹೋಗುತ್ತದೆ.

ಮಣಿಪಾಲದ ಚಿತ್ರಗಾರ ಉತ್ತರ:

ನನ್ನ ಅನುಭವ ಚಿತ್ರಗಳದು. ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ರೇಖೆ ಎಂದರೆ ನನಗೆ ಪ್ರಾಣ. ಅವರ ಒಂದು ಸಣ್ಣ ರೇಖಾಚಿತ್ರ ಹರಾಜಿಗೆ ಬಂದಾಗ ಬಸ್ ಹತ್ತಿ ಮುಂಬಯಿಗೆ ಹೋಗಿದ್ದೆ. ಕೊಳ್ಳುವಷ್ಟು ಹಣ ನನ್ನ ಬಳಿ ಇರಲಿಲ್ಲ, ಕೈಯಳತೆಯಲ್ಲಿ ನೋಡಬೇಕಿತ್ತು. ಅಲ್ಲಿದ್ದ ಹುಡುಗಿ ನಾನು ಕೇಳಿದ ಕೂಡಲೇ ಚೌಕಟ್ಟು ಬಿಚ್ಚಿ ಹಿಂಬದಿ ತೋರಿಸಿದಳು. ಹಿಂದೆ ಹಳೆಯ ಗ್ಯಾಲರಿಯ ಚೀಟಿ, ಪೆನ್ಸಿಲಿನಲ್ಲಿ ಒಂದು ಸಂಖ್ಯೆ, ಒಂದು ಮೂಲೆಯಲ್ಲಿ ನೀರಿನ ಕಲೆ. ಪಟ್ಟಿಯಲ್ಲಿ ಆ ಕಲೆಯ ಸುದ್ದಿಯೇ ಇರಲಿಲ್ಲ. ಹಾಗಾಗಿ ನಾನು ಹೇಳುವುದು: ನೋಡಲು ಹೋದವರು ಸಂಕೋಚ ಪಡಬಾರದು. ಕೇಳಿದರೆ ತೋರಿಸುತ್ತಾರೆ, ಕೇಳದಿದ್ದರೆ ಇಲ್ಲ.

ಇಸವಿಯ ಬಗ್ಗೆ ಬೈಂಡರ್ ಹೇಳಿದ ಮಾತಿಗೆ ನಮ್ಮ ಕಣ್ಣೆದುರೇ ಒಂದು ಉದಾಹರಣೆ ಇದೆ: ಹೆಂಚು. ಮಂಗಳೂರು ಹೆಂಚನ್ನು ಈಗ ವಿನ್ಯಾಸದ ವಸ್ತು ಎಂದು ಚೌಕಟ್ಟು ಹಾಕಿ ಮಾರುತ್ತಾರೆ. ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅವರ ಹೆಂಚುಗಳ ಮೇಲೆ 1865 ಎಂದು ಅಚ್ಚಾಗಿರುತ್ತದೆ. ಅದು ಸ್ಥಾಪನೆಯ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. ಎಷ್ಟೋ ದಶಕಗಳ ಕಾಲ ಅದೇ ಅಂಕಿ ಬಂದಿದೆ. ‘160 ವರ್ಷ ಹಳೆಯ ಹೆಂಚು’ ಎಂದು ಸಾವಿರಾರು ರೂಪಾಯಿ ಹೇಳುವವರಿಗೆ ನಾನು ಪ್ರತಿ ಬಾರಿಯೂ ಇದನ್ನು ಬಿಡಿಸಿ ಹೇಳುತ್ತೇನೆ. ಮೊದಲ ಮಹಾಯುದ್ಧದ ನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು, ಆಗ ಹೆಂಚಿನ ಮೇಲಿನ ಹೆಸರೂ ಬದಲಾಯಿತು. ಹಾಗಾಗಿ ಹೆಸರು ಇಸವಿಗಿಂತ ಹೆಚ್ಚು ನಿಜ ಹೇಳುತ್ತದೆ.

ಕನ್ನಡ ಪುಸ್ತಕಗಳಲ್ಲೂ ಹೀಗೆ ಬದಿಯಿಂದ ಸಾಕ್ಷಿ ಹೇಳುವ ವಿವರಗಳಿವೆ. ಬೆಲೆ ‘2-8-0’ (ರೂಪಾಯಿ-ಆಣೆ-ಪೈ) ಎಂದು ಇದ್ದರೆ ಅದು ಆಣೆಯ ಕಾಲ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ‘ನಯೇ ಪೈಸೆ’ ಎಂದಿದ್ದರೆ ಆ ದಿನದಿಂದ 1964ರ ನಡುವಿನದು. ವಿಳಾಸದಲ್ಲಿ 575 001, 576 101 ಎಂಬಂಥ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ನನ್ನ ಗೆಳೆಯರೊಬ್ಬರು ನಮ್ಮ ಜಿಲ್ಲೆಯ ದೊಡ್ಡ ಕಾದಂಬರಿಕಾರರೊಬ್ಬರ 1930ರ ದಶಕದ ಪುಸ್ತಕವನ್ನು ಮೊದಲ ಮುದ್ರಣವೆಂದು 8,500 ಕೊಟ್ಟು ತರಿಸಿದರು. ಒಳಗಿನ ಜಾಹೀರಾತಿನಲ್ಲಿ ಬೆಲೆಗಳೆಲ್ಲ ನಯೇ ಪೈಸೆಯಲ್ಲಿದ್ದವು. ಶೀರ್ಷಿಕೆ ಪುಟ ಬೇರೆ ಪ್ರತಿಯಿಂದ ತಂದು ಅಂಟಿಸಿದ್ದರು.

ಅಂಬಲಪಾಡಿಯ ಅನುವಾದಕಿ, ಎಂಟು ದಿನಗಳ ನಂತರ:

ನಿಮ್ಮೆಲ್ಲರ ಉಪಕಾರ ದೊಡ್ಡದು. ತಂಗಿಯ ಮಗ ಮುಲುಂಡ್‌ನಲ್ಲಿದ್ದಾನೆ. ಬೈಂಡರ್ ಅಣ್ಣ ಬರೆದದ್ದನ್ನು ಹಾಗೆಯೇ ಅವನಿಗೆ ಕಳುಹಿಸಿ, ಟಾರ್ಚು ತೆಗೆದುಕೊಂಡು ಹೋಗು ಎಂದೆ. ಶನಿವಾರ ಎರಡು ಗಂಟೆ ಅಲ್ಲಿ ಕುಳಿತು ನೋಡಿದ್ದಾನೆ. ನಡುನಡುವೆ ಫೋನಿನಲ್ಲಿ ವರದಿ.

ಪುಸ್ತಕ ಮೊಳೆಯಚ್ಚಿನದೇ. ಪಕ್ಕದಿಂದ ಬೆಳಕು ಹಿಡಿದು ತೆಗೆದ ಫೋಟೋ ಕಳುಹಿಸಿದ್ದಾನೆ, ಸಾಲುಸಾಲಾಗಿ ಉಬ್ಬು ಕಾಣುತ್ತದೆ. ಅದನ್ನು ನೋಡಿದಾಗ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. 31 ವರ್ಷ ಆ ಪದಗಳನ್ನು ಓದಿದ್ದೇನೆ, ಅವು ಕಾಗದಕ್ಕೆ ಒತ್ತಿದ ಗುರುತನ್ನು ಈಗಷ್ಟೇ ಕಂಡೆ. ಕೊನೆಯ ಪುಟ 1752, ಸರಿ ಇದೆ. ಮುನ್ನುಡಿಯಲ್ಲಿ ಎರಡು ಹಾಳೆ ಇಲ್ಲ, ಪಟ್ಟಿಯಲ್ಲಿ ಇದನ್ನು ಹೇಳಿಲ್ಲ. ಬೈಂಡಿಂಗ್ ಹೊಸದು, ಆದರೆ ಮಧ್ಯದಲ್ಲಿ ಸಪಾಟಾಗಿ ತೆರೆಯುತ್ತದೆ. ಮೇಲಿನ ಅಂಚನ್ನು ಸವರಿದ್ದಾರೆ, ಅಕ್ಷರಕ್ಕೆ ತಾಗಿಲ್ಲ. ‘ಗೇಣಿ’ ಪದ ಇರುವ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಚಾಲ, ಮೂಲ ಎಂದು ಒಂದರ ಕೆಳಗೊಂದು ಬರೆದು ಅಡಿಗೆರೆ ಎಳೆದಿದ್ದಾರೆ. ನನ್ನಂತೆಯೇ ಯಾವುದೋ ಚೀಟಿನ ಅರ್ಥಕ್ಕೆ ತಲೆ ಕೆಡಿಸಿಕೊಂಡವರು ಇರಬೇಕು.

ಆಮೇಲೆ ಮುದ್ರೆ. 51ನೆಯ ಪುಟದ ಕೆಳ ಅಂಚಿನಲ್ಲಿ ಕಾಗದ ತೆಳುವಾಗಿದೆ, ಬ್ಲೇಡಿನಿಂದ ಕೆರೆದಂತೆ. ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿದರೆ ನೇರಳೆ ಬಣ್ಣದ ದುಂಡನೆಯ ಅಂಚು ಅರ್ಧದಷ್ಟು ಉಳಿದಿದೆ. ಹುಡುಗ ಅದನ್ನು ಎಂಟು ಫೋಟೋ ತೆಗೆದಿದ್ದಾನೆ. ರದ್ದು, ವಿಲೇವಾರಿ ಎಂಬ ಗುರುತು ಎಲ್ಲಿಯೂ ಇಲ್ಲ. ಅಂಚಿನ ಇಂಗ್ಲಿಷ್ ಅಕ್ಷರಗಳಲ್ಲಿ ಓದಲು ಬರುವುದು ಎರಡೇ ಪದ: ಸೌತ್ ಕೆನರಾ.

ಸಂಸ್ಥೆಗೆ ಪತ್ರ ಬರೆದಿದ್ದೇನೆ: ಈ ಪ್ರತಿ ಯಾರಿಂದ, ಯಾವಾಗ ಬಂತು, ಮುದ್ರೆ ಕೆರೆದದ್ದು ನಿಮಗೆ ಗೊತ್ತಿದೆಯೇ, ಮುನ್ನುಡಿಯ ಎರಡು ಹಾಳೆ ಇಲ್ಲವೆಂದು ಪಟ್ಟಿಯಲ್ಲಿ ಏಕೆ ಹೇಳಿಲ್ಲ. ಇನ್ನೂ ಉತ್ತರ ಬಂದಿಲ್ಲ. ಅದು ಬರುವವರೆಗೆ ನಾನು ಸವಾಲು ಹಾಕುವುದಿಲ್ಲ. ಆಸೆ ಕಡಿಮೆಯಾಗಿಲ್ಲ, ಹೆಚ್ಚೇ ಆಗಿದೆ. ಆದರೆ ನಮ್ಮ ಜಿಲ್ಲೆಯ ಯಾವುದೋ ಓದುವ ಮನೆಯಿಂದ ಕದ್ದ ಪುಸ್ತಕವನ್ನು ನಾನು ನನ್ನ ಕಪಾಟಿನಲ್ಲಿ ಇಟ್ಟುಕೊಂಡು ಯಾವ ಪದದ ಅರ್ಥ ನೋಡಲಿ? ತಮ್ಮನಿಗೂ ಹೇಳಿದೆ. ಅವನು ಮಸ್ಕತ್ ಮಾತು ಬಿಟ್ಟಿದ್ದಾನೆ. ಅದು ಯಾವ ಗ್ರಂಥಾಲಯದ್ದು ಎಂದು ಗೊತ್ತಾದರೆ ಅವರಿಗೆ ತಿಳಿಸುವ ಖರ್ಚು ತಾನು ಕೊಡುತ್ತೇನೆ ಎಂದ.

ಬಲ್ಮಠದ ಬೈಂಡರ್:

ಅಕ್ಕ, ಒಳ್ಳೆಯ ಕೆಲಸ ಮಾಡಿದಿರಿ. ಹುಡುಗನಿಗೆ ನನ್ನ ಶಾಭಾಸ್ ತಿಳಿಸಿ.

ಆ ಎಂಟು ಫೋಟೋಗಳನ್ನು ನನಗೆ ಕಳುಹಿಸಿ. ಜಿಲ್ಲೆಯ ಗ್ರಂಥಾಲಯಗಳ ಕೆಲಸ ಮಾಡಿದವನು, ಬಹಳಷ್ಟು ಮುದ್ರೆಗಳನ್ನು ಅಂಚಿನಿಂದಲೇ ಗುರುತಿಸಬಲ್ಲೆ. ಕೆಲವರದು ಒಂದು ಗೆರೆ, ಕೆಲವರದು ಜೋಡಿ ಗೆರೆ, ಒಬ್ಬರದರಲ್ಲಿ ಅಕ್ಷರಗಳ ನಡುವೆ ಸಣ್ಣ ನಕ್ಷತ್ರ ಇತ್ತು. ಅಂಗಡಿಗೆ ಬಂದ ಪುಸ್ತಕಗಳ ಹಳೆಯ ರಸೀದಿ ಪುಸ್ತಕಗಳೂ ನನ್ನಲ್ಲಿ ಇವೆ, ನಾಲ್ಕೈದು ವರ್ಷದವು ಮಾತ್ರ ಗೆದ್ದಲಿಗೆ ಹೋದವು. ನಿಮ್ಮ ಹುಡುಗ ಇನ್ನೊಮ್ಮೆ ಹೋಗುವುದಾದರೆ ಸ್ಕೇಲು ಇಟ್ಟು ಆ ಮುದ್ರೆಯ ಅಗಲ ಎಷ್ಟು ಎಂದು ಅಳೆದು ಹೇಳಲಿ, ಮತ್ತು ‘ಕೆನರಾ’ ಎಂಬುದರ ಮುಂದೆ ಚುಕ್ಕೆ ಇದೆಯೋ ನಕ್ಷತ್ರ ಇದೆಯೋ ನೋಡಲಿ.